ಉಳಿದ ತೂಕ

ಮೂರು ಡಬ್ಬಿ ತಂದಿದ್ದೀಯ, ಓರಿನ್.
ನೂರ ನಲವತ್ತು, ನೂರ ಅರವತ್ತು, ನೂರ ಎಪ್ಪತ್ತೈದು ಗ್ರೇನು.
ಇಸ್ಪೀಟಿನ ಎಲೆ ಬಿಚ್ಚಿದ ಹಾಗೆ ಮೇಜಿನ ಮೇಲಿಟ್ಟು
‘ಯಾವುದು, ಗ್ರಾಸಿಯಾನ?’ ಎನ್ನುತ್ತೀಯ.

ನಾನು ಬಂದೂಕು ಹಿಡಿದವಳಲ್ಲ.
ಇಪ್ಪತ್ತೇಳು ಅಕ್ಟೋಬರು ಈ ತಗಡಿನ ಮಾಡಿನ ಕೆಳಗೆ
ಕೊಕ್ಕೆಗೆ ಜೋತ ಎಲ್ಕುಗಳ ತೊಗಲು ಬಿಡಿಸಿದವಳು.
ಗುಂಡು ಹೊರಡುವುದು ನಿಮಗೆ ಗೊತ್ತು.
ತಲುಪಿದ ಮೇಲೆ ಏನಾಯಿತು,
ಅದು ನನ್ನ ಚಾಕುವಿಗೆ ಗೊತ್ತು.

ಎತ್ತಿಕೊ ಆ ಗಾಜಿನ ಭರಣಿ.
ಅಮ್ಮ ಅದರಲ್ಲಿ ಮೆಣಸಿನಕಾಯಿ ಹುಳಿಗೆ ಹಾಕುತ್ತಿದ್ದಳು,
ಈಗ ಬಾಯಿತನಕ ಸೀಸ, ತಾಮ್ರ.
ಅಣಬೆಯಂತೆ ಅರಳಿದವು, ಹುಳುಕು ಹಲ್ಲಿನಂತೆ ಮುರಿದವು,
ಕೆಲವು ಅರಳದೆ, ಮುರಿಯದೆ,
ಅಂಗಡಿಯಿಂದ ಈಗಷ್ಟೇ ತಂದ ಹಾಗೆ.

ಹಗುರದ್ದರ ಕಥೆ ಕೇಳು.
ನಳಿಗೆ ದಾಟುವಾಗ ಅದರಷ್ಟು ಚುರುಕು ಯಾವುದೂ ಇಲ್ಲ.
ಆತುರಗಾರನಿಗೆ ಬುದ್ಧಿ ಮಟ್ಟ;
ನಾಲ್ಕುನೂರು ಗಜದಾಚೆ ಗಾಳಿ ಕಿವಿ ಹಿಂಡಿದರೆ
ಹಿಂಡಿದ ಕಡೆಗೇ ಹೊರಳುತ್ತದೆ.
ಹತ್ತಿರದಿಂದ ಹೊಡೆದೆಯೋ, ಹೆಗಲ ಮೂಳೆಗೆ ಬಡಿದು ಸಿಡಿದು
ಎಂಟು ಪೌಂಡು ಮಾಂಸ ರಕ್ತಗಟ್ಟಿ
ನನ್ನ ನಾಯಿಯ ಪಾಲು.
ನಾಯಿಗೇನೋ ನಿನ್ನ ಮೇಲೆ ಬಹಳ ಪ್ರೀತಿ.

ಭಾರದ್ದು ನಿಧಾನ.
ಸಾಲ ವಸೂಲಿಗೆ ಹೊರಟವನ ನಡಿಗೆ ಅದರದು,
ದಾರಿಯಲ್ಲಿ ಯಾರ ಮಾತಿಗೂ ಅಷ್ಟು ಸುಲಭಕ್ಕೆ ಬಗ್ಗದು.
ಆದರೆ ಒದೆಯುತ್ತದೆ. ಒದೆಗೆ ಹೆದರಿ
ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುವವನಿಗೆ
ನೂರ ಎಪ್ಪತ್ತೈದೂ ಒಂದೇ, ಗೋಲಿಯೂ ಒಂದೇ.
ಮತ್ತೆ, ಏಳುನೂರು ಗಜದಲ್ಲಿ ಓಟ ಸೋತು
ಗಟ್ಟಿ ಮೈಯದು ಅರಳುವುದನ್ನೇ ಮರೆತು
ಪೆನ್ಸಿಲ್ ತೂರಿದಷ್ಟು ತೂತು ಬಿಟ್ಟು ಆಚೆ ಹೋದರೆ
ಪ್ರಾಣಿ ನಡೆಯುತ್ತದೆ.
ನಡೆಯುತ್ತಲೇ ಇರುತ್ತದೆ.

ವೇಗವೂ ಬೇಕು, ತೂಕವೂ ಬೇಕು ನಿನಗೆ.
ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ.

ನನ್ನಪ್ಪ ಬಿಗ್‌ಹಾರ್ನ್ ಬೆಟ್ಟಗಳಲ್ಲಿ ಕುರಿ ಕಾದವನು.
ಒಂದೇ ಬಂದೂಕು, ಒಂದೇ ಬಗೆಯ ಗುಂಡು, ಮೂತಿ ಚಪ್ಪಟೆ.
ಎಷ್ಟು ದೂರದಿಂದ ಹೊಡೆದೆ ಎಂದರೆ
‘ರೆಪ್ಪೆ ಕಾಣುವಷ್ಟು’ ಅನ್ನುತ್ತಿದ್ದ.
ನೀನೂ ಹಾಗೆ ಮಾಡು ಎನ್ನುವುದಿಲ್ಲ.
ಅವನಿಗೆ ಇಡೀ ಬೇಸಿಗೆ ಇತ್ತು,
ನಿನಗೆ ಇರುವುದು ಶನಿವಾರ.

ಇದೊಂದು ನೋಡಿ ಹೋಗು.
ಮೊನ್ನೆ ಡೆಲ್ಬರ್ಟ್ ತಂದ ಗಂಡಿನ ಪಕ್ಕೆಯೊಳಗೆ
ಅಕ್ರೋಟಿನಷ್ಟು ದಪ್ಪ ಗಂಟು,
ಬಿಳಿ ನಾರು ಸುತ್ತಿ ಸುತ್ತಿ ಹೆಣೆದದ್ದು,
ಮೈಯೇ ಕೂತು ಹೆಣೆದದ್ದು.
ಕೊಯ್ದರೆ ಒಳಗೆ ತಾಮ್ರದ ಬುಡ,
ಕೆಂಪು ಪ್ಲಾಸ್ಟಿಕ್ ಮೂತಿಯ ಒಂದು ಚೂರು.
ತೂಗಿದೆ: ಐವತ್ತೆಂಟು ಗ್ರೇನು.
ನನ್ನ ತಕ್ಕಡಿ ಗುಲಗಂಜಿಯಷ್ಟೂ ಸುಳ್ಳಾಡದು.
ಹೊರಟಾಗ ಎಷ್ಟಿತ್ತೋ.
ಒಂದು ಚಳಿಗಾಲ ಪೂರ್ತಿ ಇದನ್ನು ಹೊತ್ತು
ಸೊಂಟಮಟ್ಟ ಹಿಮದಲ್ಲಿ ಮೇವು ಕೆದಕಿದೆ,
ಕೊಂಬು ಉದುರಿಸಿ ಮತ್ತೆ ಬೆಳೆಸಿದೆ.

ಹೋದ ವರ್ಷ ಅದೇ ಕಣಿವೆಯಿಂದ ಇಳಿದು ಬಂದು
‘ತಪ್ಪಿತು, ಪೂರಾ ತಪ್ಪಿತು’ ಎಂದು
ಇದೇ ಸ್ಟೂಲಿನ ಮೇಲೆ ನನ್ನ ಕಾಫಿ ಕುಡಿದೆ ನೀನು.
ನಿನ್ನದೇ ಎಂದು ನಾನು ಹೇಳುತ್ತಿಲ್ಲ.
ಕೆಂಪು ಮೂತಿಯವು ಈ ಊರಲ್ಲಿ ಹತ್ತು ಜನರ ಹತ್ತಿರ ಇವೆ.

ನೂರ ಅರವತ್ತು ಒಯ್ಯಿ.
ಸೀಸ ತಾಮ್ರ ಬಿಡದಂತೆ ಬೆಸೆದದ್ದು ಅದು.
ನಾಲ್ಕುನೂರು ಗಜದಾಚೆ ಬೇಲಿ ಇದೆ ಅಂದುಕೊ,
ಬೇರೆಯವರ ಜಮೀನು.

ಅದೇನು, ಮೂರೂ ಡಬ್ಬಿ ಬಿಟ್ಟು
ಆ ಗಂಟನ್ನೇ ಅಂಗೈಯಲ್ಲಿ ತೂಗುತ್ತಾ ನಿಂತೆ?
ಇಟ್ಟು ಹೊರಡು, ಇಲ್ಲವೇ ತೆಗೆದುಕೊಂಡು ಹೊರಡು.
ಹೋಗುವಾಗ ಬಾಗಿಲು ಎಳೆದುಕೊ.
ಈ ಚಳಿ ಮಾಂಸಕ್ಕೆ ಒಳ್ಳೆಯದು,
ನನ್ನ ಮಂಡಿಗಲ್ಲ.